ತರಗತಿಗೆ ಲ್ಯಾಪ್‌ಟಾಪೋ, ಟ್ಯಾಬ್ಲೆಟ್ಟೋ? ಕೊಳ್ಳುವ ಮುನ್ನ ತೂಗಿ ನೋಡಬೇಕಾದ ಸಂಗತಿಗಳು

ಮೂವತ್ತು ಟ್ಯಾಬ್ಲೆಟ್ ತಂದು, ಮೂವತ್ತೂ ಮಕ್ಕಳು ತಲೆತಗ್ಗಿಸಿ ಒಂದೇ ಪಿಡಿಎಫ್ ಓದುತ್ತ ಕೂತರೆ ಅದು ಹಳೆಯ ಪಾಠವೇ. ಪುಟಕ್ಕೆ ಬೆಳಕು ಬಂದಿದೆ, ಅಷ್ಟೇ. ಒಂದೇ ಒಂದು ಸಾಧನ ಇಟ್ಟುಕೊಂಡು ಇಡೀ ತರಗತಿಯಿಂದ ಉತ್ತರ ಪಡೆದು, ಅರ್ಧದಷ್ಟು ಮಕ್ಕಳು ಎಲ್ಲಿ ಎಡವಿದರು ಎಂದು ಅಲ್ಲೇ ಕಂಡುಕೊಂಡು ಮುಂದಿನ ಪ್ರಶ್ನೆ ಕೇಳುವ ಶಿಕ್ಷಕರದ್ದು ಸಂವಾದದ ಪಾಠ. ಆದ್ದರಿಂದ ಸಾಧನಗಳನ್ನು ಹೋಲಿಸುವಾಗ ಒಂದು ಅಳತೆಗೋಲು ಸಾಕು: ವಿದ್ಯಾರ್ಥಿ ಮಾಡಿದ್ದು ಎಷ್ಟು ಬೇಗ ಶಿಕ್ಷಕರ ಕಣ್ಣಿಗೆ ಬೀಳುತ್ತದೆ, ಎಷ್ಟು ಬೇಗ ಮರುಪ್ರಶ್ನೆಯಾಗಿ ವಿದ್ಯಾರ್ಥಿಯ ಬಳಿಗೆ ವಾಪಸಾಗುತ್ತದೆ? ಪ್ರೊಸೆಸರ್, ಕ್ಯಾಮೆರಾದ ಮೆಗಾಪಿಕ್ಸೆಲ್, ಪರದೆಯ ಹೊಳಪು ಎಲ್ಲವೂ ಆಮೇಲಿನ ಮಾತು.

ಸಾಧನ ಹಂಚಿದ ಮಾತ್ರಕ್ಕೆ ಕಲಿಕೆ ಏರುವುದಿಲ್ಲ ಎಂಬುದಕ್ಕೆ ಪೆರು ದೇಶದ ಅನುಭವವಿದೆ. ‘ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್’ (ಮಗುವಿಗೊಂದು ಲ್ಯಾಪ್‌ಟಾಪ್) ಯೋಜನೆಯಡಿ ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ವಿದ್ಯಾರ್ಥಿಗೆ 0.12ರಷ್ಟಿದ್ದ ಕಂಪ್ಯೂಟರ್ ಪ್ರಮಾಣ 1.18ಕ್ಕೆ ಏರಿತು. 2012ರಲ್ಲಿ ಹೊರಬಂದ ಅಧ್ಯಯನಕ್ಕೆ ಗಣಿತದಲ್ಲಾಗಲೀ ಭಾಷೆಯಲ್ಲಾಗಲೀ ಅಂಕ ಹೆಚ್ಚಿದ ಪುರಾವೆ ಸಿಗಲಿಲ್ಲ. ಯಂತ್ರಗಳು ಬಂದವು, ಪಾಠದ ರೀತಿ ಬದಲಾಗಲಿಲ್ಲ.

ಮೊದಲು ಕೇಳಬೇಕಾದ್ದು: ಮಕ್ಕಳ ಕೈ ಏನು ಮಾಡಬೇಕು?

ಒಂದು ತಿಂಗಳ ಪಾಠಯೋಜನೆ ಮುಂದಿಟ್ಟುಕೊಂಡು, ಸಾಧನ ಬೇಕೆನಿಸುವ ಪ್ರತಿ ಪಾಠದ ಪಕ್ಕದಲ್ಲಿ ಒಂದು ಕ್ರಿಯಾಪದ ಬರೆಯಿರಿ: ಟೈಪಿಸು, ಬಿಡಿಸು, ಫೋಟೊ ತೆಗೆ, ಅಳೆ, ಆಯ್ಕೆ ಮಾಡು, ನೋಡು. ಈ ಪಟ್ಟಿಯೇ ಅರ್ಧ ತೀರ್ಮಾನ ಕೊಟ್ಟುಬಿಡುತ್ತದೆ.

ಅರ್ಧ ಪುಟಕ್ಕಿಂತ ಹೆಚ್ಚು ಬರೆಯುವುದು, ಸ್ಪ್ರೆಡ್‌ಶೀಟ್ ತುಂಬುವುದು, ಪೈಥಾನ್‌ನಂಥ ಭಾಷೆಯಲ್ಲಿ ಕೋಡ್ ಬರೆಯುವುದು ಪಟ್ಟಿಯಲ್ಲಿ ಹೆಚ್ಚಿದ್ದರೆ ಕೀಲಿಮಣೆಯಿರುವ ಲ್ಯಾಪ್‌ಟಾಪ್ ಬೇಕು. ಟ್ಯಾಬ್ಲೆಟ್‌ಗೆ ಬ್ಲೂಟೂತ್ ಕೀಲಿಮಣೆ ಜೋಡಿಸಿದರಾಯಿತು ಎಂಬ ಲೆಕ್ಕ ಕಾಗದದ ಮೇಲೆ ಚೆಂದ. ಮೂವತ್ತು ಕೀಲಿಮಣೆಗಳಿಗೆ ಪ್ರತ್ಯೇಕ ಚಾರ್ಜಿಂಗ್ ಆಗಬೇಕು, ಪ್ರತಿಯೊಂದೂ ತನ್ನ ಜೋಡಿ ಟ್ಯಾಬ್ಲೆಟ್‌ಗೇ ಸೇರಬೇಕು. ಒಂದು ಅದಲುಬದಲಾದರೆ ಮುಂದಿನ ಬೆಂಚಿನಲ್ಲಿ ಒತ್ತಿದ ಅಕ್ಷರ ಹಿಂದಿನ ಬೆಂಚಿನ ಪರದೆಯಲ್ಲಿ ಮೂಡುತ್ತದೆ. ಕೀಲಿಮಣೆ ಬೇಕೇಬೇಕೆಂದರೆ ಸಂಪರ್ಕಬಿಂದುಗಳ ಮೂಲಕ ನೇರ ಅಂಟಿಕೊಳ್ಳುವ ಕವಚವನ್ನೋ, ತಂತಿಯ ಯುಎಸ್‌ಬಿ ಕೀಲಿಮಣೆಯನ್ನೋ ಆರಿಸಿ.

ಬಿಡಿಸುವುದು, ಲೆಕ್ಕದ ಹಂತಗಳನ್ನು ಕೈಯಲ್ಲಿ ಬರೆಯುವುದು, ನೋಟ್‌ಬುಕ್ಕಿನ ಪುಟದ ಫೋಟೊ ತೆಗೆದು ಕಳಿಸುವುದು, ಹೊರಗೆ ಹೋಗಿ ಎಲೆಯ ಚಿತ್ರ ತರುವುದು ಇವೆಲ್ಲ ಟ್ಯಾಬ್ಲೆಟ್‌ನ ಕ್ಷೇತ್ರ. ಲ್ಯಾಪ್‌ಟಾಪ್‌ನ ಕ್ಯಾಮೆರಾ ಕೂತವರ ಮುಖ ನೋಡುತ್ತದೆಯೇ ಹೊರತು ಮೇಜಿನ ಮೇಲಿನ ಪುಸ್ತಕವನ್ನಲ್ಲ.

ಅಳೆಯುವ ಕೆಲಸದಲ್ಲಂತೂ ಟ್ಯಾಬ್ಲೆಟ್ ತುಂಬಾ ಮುಂದಿದೆ. ಜರ್ಮನಿಯ ಆಕೆನ್ ತಾಂತ್ರಿಕ ವಿಶ್ವವಿದ್ಯಾಲಯದ ಉಚಿತ ಆ್ಯಪ್ ‘ಫೈಫಾಕ್ಸ್’ ಸಾಧನದೊಳಗಿನ ಮೈಕ್, ವೇಗೋತ್ಕರ್ಷ ಮಾಪಕಗಳನ್ನೇ ಪ್ರಯೋಗದ ಉಪಕರಣ ಮಾಡಿಕೊಳ್ಳುತ್ತದೆ. ಎರಡು ಟ್ಯಾಬ್ಲೆಟ್‌ಗಳನ್ನು 5 ಮೀಟರ್ ಅಂತರದಲ್ಲಿಟ್ಟು ಎರಡರಲ್ಲೂ ಅದರ ಧ್ವನಿ ಸ್ಟಾಪ್‌ವಾಚ್ ತೆರೆಯಿರಿ. ಒಂದರ ಪಕ್ಕ ನಿಂತವರು ಮೊದಲು ಚಪ್ಪಾಳೆ ತಟ್ಟಲಿ, ಎರಡನೆಯದರ ಪಕ್ಕದವರು ಆಮೇಲೆ ತಟ್ಟಲಿ. ಮೊದಲ ಚಪ್ಪಾಳೆಗೆ ಗಡಿಯಾರಗಳು ಓಡುತ್ತವೆ, ಎರಡನೆಯದಕ್ಕೆ ನಿಲ್ಲುತ್ತವೆ. ಎರಡೂ ಪರದೆಗಳ ಸಮಯದ ವ್ಯತ್ಯಾಸ ಸುಮಾರು 0.029 ಸೆಕೆಂಡ್ ಬರುತ್ತದೆ. 10 ಮೀಟರನ್ನು (ಆ ಕಡೆಗೆ 5, ಈ ಕಡೆಗೆ 5) ಅದರಿಂದ ಭಾಗಿಸಿದರೆ ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಆಸುಪಾಸು. ಗದ್ದಲವಿದ್ದರೆ ಗಡಿಯಾರ ತಾನಾಗಿ ಓಡಲು ಶುರುಮಾಡುತ್ತದೆ. ಆಗ ಶಬ್ದದ ಮಿತಿಯನ್ನು ಏರಿಸಬೇಕು. ಒಂದು ಎಚ್ಚರಿಕೆ: ಕಡಿಮೆ ಬೆಲೆಯ ಟ್ಯಾಬ್ಲೆಟ್‌ಗಳಲ್ಲಿ ಗೈರೊಸ್ಕೋಪ್ (ತಿರುಗುವಿಕೆ ಅಳೆಯುವ ಸೆನ್ಸರ್), ಕಾಂತಮಾಪಕ ಬಹಳ ಸಲ ಇರುವುದಿಲ್ಲ. ವಿಜ್ಞಾನ ಪಾಠಕ್ಕಾಗಿ ಕೊಳ್ಳುವುದಾದರೆ ಸೆನ್ಸರ್‌ಗಳ ಪಟ್ಟಿಯನ್ನು ಮೊದಲೇ ಓದಿ.

‘ಆಯ್ಕೆ ಮಾಡು’, ‘ನೋಡು’ ಎಂಬವೇ ಪಟ್ಟಿಯ ತುಂಬ ಇದ್ದರೆ? ಹಾಗಿದ್ದರೆ ಮಕ್ಕಳಿಗೆ ಸಾಧನ ಕೊಳ್ಳುವ ಅಗತ್ಯವೇ ಇಲ್ಲ.

ಒಂದೇ ಸಾಧನದ ತರಗತಿ

ಇದನ್ನು ಬಡತನದ ಆಯ್ಕೆ ಎಂದು ತಳ್ಳಿಹಾಕುವವರೇ ಹೆಚ್ಚು. ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನ ಶಾಲೆಗಳು ಶುರುಮಾಡಬೇಕಾದ್ದು ಇಲ್ಲಿಂದಲೇ.

‘ಪ್ಲಿಕರ್ಸ್’ ಎಂಬ ವ್ಯವಸ್ಥೆಯಲ್ಲಿ ಪ್ರತಿ ವಿದ್ಯಾರ್ಥಿಯ ಕೈಯಲ್ಲಿ ಒಂದು ಮುದ್ರಿತ ಕಾರ್ಡ್ ಇರುತ್ತದೆ. ಕಾರ್ಡಿನ ನಾಲ್ಕು ಬದಿಗೆ ನಾಲ್ಕು ಉತ್ತರ; ಸರಿಯೆನಿಸಿದ ಬದಿಯನ್ನು ಮೇಲೆ ಮಾಡಿ ಹಿಡಿಯಬೇಕು. ಶಿಕ್ಷಕರು ಫೋನ್ ಅಥವಾ ಟ್ಯಾಬ್ಲೆಟ್‌ನ ಕ್ಯಾಮೆರಾವನ್ನು ತರಗತಿಯ ಮೇಲೆ ನಿಧಾನ ಹಾಯಿಸಿದರೆ ಯಾರ ಉತ್ತರ ಯಾವುದು ಎಂದು ದಾಖಲಾಗುತ್ತದೆ. ದೊಡ್ಡ ಕಟ್ಟಿನಲ್ಲಿ 63 ಕಾರ್ಡ್‌ಗಳಿವೆ. ಕಾರ್ಡ್‌ಗಳಿಗೆ ಹೊಳೆಯುವ ಲ್ಯಾಮಿನೇಶನ್ ಮಾಡಿಸಬೇಡಿ. ಕಿಟಕಿಯ ಬೆಳಕು ಪ್ರತಿಫಲಿಸಿ ಕ್ಯಾಮೆರಾಗೆ ಕಾರ್ಡ್ ಕಾಣದಾಗುತ್ತದೆ. ದಪ್ಪ ಮಂದ ಕಾಗದ ಸಾಕು. ಮಕ್ಕಳ ಬೆರಳು ಕಪ್ಪು ಆಕೃತಿಯ ಮೇಲೆ ಬಂದರೂ ಓದಲಾಗುವುದಿಲ್ಲ, ಅಂಚನ್ನಷ್ಟೇ ಹಿಡಿಯಲು ಕಲಿಸಬೇಕು. ಪಕ್ಕದವರ ಕಾರ್ಡ್ ನೋಡಿ ನಕಲು ಮಾಡುವುದೂ ಸುಲಭವಲ್ಲ, ಏಕೆಂದರೆ ಪ್ರತಿ ಕಾರ್ಡಿನ ಆಕೃತಿ ಬೇರೆ.

ಉತ್ತರ ಬಂದ ಮೇಲೆ ಏನು ಮಾಡಬೇಕು ಎಂಬುದಕ್ಕೆ ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ ರೂಪಿಸಿದ ಪರಸ್ಪರ ಬೋಧನೆಯ ಕ್ರಮ ಚೆನ್ನಾಗಿ ಹೊಂದುತ್ತದೆ. ಸರಿಯುತ್ತರ ಶೇ 30ಕ್ಕಿಂತ ಕಡಿಮೆಯಿದ್ದರೆ ಪರಿಕಲ್ಪನೆಯನ್ನು ಮತ್ತೆ ವಿವರಿಸಿ. ಶೇ 70ಕ್ಕಿಂತ ಹೆಚ್ಚಿದ್ದರೆ ಚುಟುಕಾಗಿ ವಿವರಿಸಿ ಮುಂದೆ ಹೋಗಿ. ಇವೆರಡರ ನಡುವೆ ಇದ್ದರೆ ಸರಿಯುತ್ತರ ಹೇಳಬೇಡಿ, ಅಕ್ಕಪಕ್ಕದವರು ಎರಡು ಮೂರು ನಿಮಿಷ ವಾದಿಸಲಿ, ಮತ್ತೆ ಮತ ಕೇಳಿ. ಮೊದಲ ಮತದ ಫಲಿತಾಂಶವನ್ನು ಚರ್ಚೆಗೆ ಮುನ್ನ ಪ್ರೊಜೆಕ್ಟರ್‌ನಲ್ಲಿ ತೋರಿಸಬಾರದು. ತೋರಿಸಿದರೆ ಹೆಚ್ಚು ಮತ ಬಿದ್ದ ಕಡೆಗೇ ಎಲ್ಲರೂ ವಾಲುತ್ತಾರೆ, ವಾದ ಸತ್ತುಹೋಗುತ್ತದೆ.

ಶಿಕ್ಷಕರ ಆ ಒಂದು ಸಾಧನ ಯಾವುದಿರಬೇಕು? ಪೆನ್ನಿನಿಂದ ಬರೆಯಲಾಗುವ ಟ್ಯಾಬ್ಲೆಟ್, ಅಥವಾ ಪರದೆ ಹಿಂದಕ್ಕೆ ಮಡಚಿಕೊಳ್ಳುವ ಲ್ಯಾಪ್‌ಟಾಪ್. ತಂತಿಯಿಲ್ಲದೆ ಪ್ರೊಜೆಕ್ಟರ್‌ಗೆ ಚಿತ್ರ ಕಳಿಸುತ್ತ ಬೆಂಚುಗಳ ನಡುವೆ ಓಡಾಡಬಹುದು, ಹಿಂದಿನ ಸಾಲಿನ ಹುಡುಗಿಯ ಕೈಗೆ ಕೊಟ್ಟು ಅಲ್ಲಿಂದಲೇ ಲೆಕ್ಕ ಬಿಡಿಸಲು ಹೇಳಬಹುದು. ಆದರೆ ತಂತಿರಹಿತ ಪ್ರದರ್ಶನದ ಗೊಂದಲ ಇಲ್ಲೇ ಇದೆ. ಚಿತ್ರ ಕಳಿಸಲು ವಿಂಡೋಸ್ ‘ಮಿರಾಕಾಸ್ಟ್’ ಎಂಬ ವಿಧಾನ ಬಳಸುತ್ತದೆ. ಅದು ಪ್ರೊಜೆಕ್ಟರ್ ಜೊತೆ ನೇರ ಸಂಪರ್ಕ ಮಾಡಿಕೊಳ್ಳಬಲ್ಲದು. ಐಪ್ಯಾಡ್‌ಗೆ ಏರ್‌ಪ್ಲೇ ಬೇಕು, ಕ್ರೋಮ್‌ಬುಕ್‌ಗೆ ಗೂಗಲ್ ಕಾಸ್ಟ್. ಆಂಡ್ರಾಯ್ಡ್‌ನಲ್ಲಿ ಕಂಪನಿಗೊಂದು ದಾರಿ. ಏರ್‌ಪ್ಲೇ ಮತ್ತು ಕಾಸ್ಟ್ ಸಾಮಾನ್ಯವಾಗಿ ಎರಡೂ ಕಡೆಯವು ಒಂದೇ ನೆಟ್‌ವರ್ಕ್‌ನಲ್ಲಿರಬೇಕೆಂದು ಬಯಸುತ್ತವೆ. ರೂಟರ್‌ನಲ್ಲಿ ‘ಕ್ಲೈಂಟ್ ಐಸೊಲೇಶನ್’ ಚಾಲೂ ಇದ್ದರೆ ಸಾಧನಗಳು ಒಂದನ್ನೊಂದು ಕಾಣುವುದೇ ಇಲ್ಲ. ‘ಪ್ರೊಜೆಕ್ಟರ್ ಪಟ್ಟಿಯಲ್ಲಿ ಬರುತ್ತಿಲ್ಲ’ ಎಂಬ ದೂರಿಗೆ ಬಹಳ ಸಲ ಕಾರಣ ಇದೇ. ಏನೇ ಇದ್ದರೂ 5 ಮೀಟರ್‌ನ ಒಂದು ಎಚ್‌ಡಿಎಂಐ ತಂತಿ ಕಪಾಟಿನಲ್ಲಿರಲಿ. ಟ್ಯಾಬ್ಲೆಟ್‌ಗೆ ಯುಎಸ್‌ಬಿ-ಸಿ ರಂಧ್ರ ಇದೆ ಎಂದ ಮಾತ್ರಕ್ಕೆ ಚಿತ್ರ ಹೊರಬರುತ್ತದೆ ಎಂದುಕೊಳ್ಳಬೇಡಿ. ಅಗ್ಗದ ಮಾದರಿಗಳ ರಂಧ್ರ ಚಾರ್ಜಿಂಗ್ ಮತ್ತು ಕಡತಗಳ ಸಾಗಣೆಗಷ್ಟೇ. ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಎಂದು ವಿವರಪಟ್ಟಿಯಲ್ಲಿ ಇದ್ದರೆ ಮಾತ್ರ ನಂಬಿ.

ಇಬ್ಬರಿಗೊಂದೋ, ಮೂವರಿಗೊಂದೋ, ಒಬ್ಬೊಬ್ಬರಿಗೊಂದೋ

ಸಂವಾದವೇ ಗುರಿಯಾದರೆ ಒಬ್ಬೊಬ್ಬರಿಗೊಂದು ಸಾಧನ ಎಲ್ಲಕ್ಕಿಂತ ಒಳ್ಳೆಯದಲ್ಲ. ಪರದೆ ಹಂಚಿಕೊಂಡಾಗ ಮಕ್ಕಳು ಮಾತಾಡಲೇಬೇಕು. ಬೇರೆ ಬೇರೆ ಪರದೆ ಸಿಕ್ಕರೆ ಮಾತು ನಿಲ್ಲುತ್ತದೆ. ಜೊತೆಗೆ, ಪಾಠದ ನಡುವೆ ಲ್ಯಾಪ್‌ಟಾಪ್‌ನಲ್ಲಿ ಬೇರೆ ಕೆಲಸಕ್ಕೆ ಇಳಿದವರಷ್ಟೇ ಅಲ್ಲ, ಅವರ ಪರದೆ ಕಣ್ಣಿಗೆ ಬೀಳುವಂತೆ ಕೂತವರೂ ಪರೀಕ್ಷೆಯಲ್ಲಿ ಹಿಂದೆ ಬಿದ್ದರು ಎಂದು 2013ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗವೊಂದು ತೋರಿಸಿತು.

ಮೇಜಿನ ಮೇಲೆ ಮಲಗಿಸಿದ 10–11 ಇಂಚಿನ ಟ್ಯಾಬ್ಲೆಟ್ ಸುತ್ತ ಮೂವರು ಆರಾಮಾಗಿ ಕೂರಬಹುದು, ಯಾರ ಬೆರಳೂ ತಲುಪುತ್ತದೆ. ಲ್ಯಾಪ್‌ಟಾಪ್‌ನ ನಿಂತ ಪರದೆ ಎದುರಿಗೆ ಕೂತ ಇಬ್ಬರಿಗೆ ಮಾತ್ರ ಸರಿಯಾಗಿ ಕಾಣುತ್ತದೆ. ಮೂರನೆಯವರು ಓರೆಯಿಂದ ನೋಡುತ್ತ ಬೇಗ ಆಸಕ್ತಿ ಕಳೆದುಕೊಳ್ಳುತ್ತಾರೆ. ಹಾಗಾಗಿ ಟ್ಯಾಬ್ಲೆಟ್ ಮೂವರಿಗೊಂದು, ಲ್ಯಾಪ್‌ಟಾಪ್ ಇಬ್ಬರಿಗೊಂದು ಎಂಬುದು ಒಳ್ಳೆಯ ಆರಂಭ. ಮೂವತ್ತು ಮಕ್ಕಳಿಗೆ 10 ಟ್ಯಾಬ್ಲೆಟ್, ಮೇಲೊಂದು ಹೆಚ್ಚುವರಿ. ಅಥವಾ 15 ಲ್ಯಾಪ್‌ಟಾಪ್, ಮೇಲೆರಡು. ಹೆಚ್ಚುವರಿ ಇಲ್ಲದ ಲೆಕ್ಕ ಹಾಕಬೇಡಿ. ಯಾವ ದಿನವೂ ಒಂದಾದರೂ ಚಾರ್ಜ್ ಆಗದೆ ಬಂದಿರುತ್ತದೆ.

ಹಂಚಿಕೊಂಡಾಗ ಗಟ್ಟಿಗ ಒಬ್ಬನೇ ಸಾಧನ ಹಿಡಿದು ಕೂರುವುದು ಮಾಮೂಲು. ‘ಕೈ ಆಡಿಸುವವರು’, ‘ಹೇಳುವವರು’ ಎಂದು ಪಾತ್ರ ಕೊಟ್ಟು ಏಳೆಂಟು ನಿಮಿಷಕ್ಕೊಮ್ಮೆ ಬದಲಿಸಿ. ಹೇಳುವವರು ಪರದೆ ಮುಟ್ಟುವಂತಿಲ್ಲ.

ಒಬ್ಬೊಬ್ಬರಿಗೊಂದು ಬೇಕಾಗುವುದು ಮೂರು ಸಂದರ್ಭಗಳಲ್ಲಿ: ವೈಯಕ್ತಿಕ ಪರೀಕ್ಷೆ, ಸುದೀರ್ಘ ಬರವಣಿಗೆ, ಮತ್ತು ಅಕ್ಷರ ದೊಡ್ಡದು ಮಾಡಿಕೊಳ್ಳುವುದು, ಪರದೆಯ ಪಠ್ಯವನ್ನು ಓದಿಸಿ ಕೇಳುವುದು ಇಂಥ ನೆರವು ಬೇಕಾದ ಮಕ್ಕಳಿಗೆ. ಮೂರನೆಯದಕ್ಕೆ ಸಾಧನ ಮೀಸಲಾಗಿಯೇ ಇರಬೇಕು, ಹಂಚಿಕೆಯ ಲೆಕ್ಕದಲ್ಲಿ ಸೇರಿಸಬಾರದು.

ಯಾವ ಜಾತಿಯ ಸಾಧನ

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಬಹುತೇಕ ಎಲ್ಲ ತಂತ್ರಾಂಶವೂ ಓಡುತ್ತದೆ, ಇಂಟರ್ನೆಟ್ ಇಲ್ಲದೆಯೂ ಕೆಲಸ ಸಾಗುತ್ತದೆ. ಬದಲಿಗೆ ನಿರ್ವಹಣೆಯ ಹೊರೆ ಹೆಚ್ಚು. ವಿಂಡೋಸ್ 11ಕ್ಕೆ ಅಧಿಕೃತವಾಗಿ 4 ಜಿಬಿ ರ‍್ಯಾಮ್ ಸಾಕು ಎಂದಿದ್ದರೂ ಬ್ರೌಸರ್‌ನಲ್ಲಿ ನಾಲ್ಕು ಪುಟ ತೆರೆದರೆ ತೆವಳಲು ಶುರುವಾಗುತ್ತದೆ. 8 ಜಿಬಿಗಿಂತ ಕಡಿಮೆ ಬೇಡ, ಎಸ್‌ಎಸ್‌ಡಿ (ವೇಗದ ಸಂಗ್ರಹ) ಇರಲೇಬೇಕು. ಬಳಸಿದ ಲ್ಯಾಪ್‌ಟಾಪ್ ಕೊಳ್ಳುವವರು ಒಂದು ದಿನಾಂಕ ನೆನಪಿಡಬೇಕು: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಂಟನೇ ತಲೆಮಾರಿಗಿಂತ ಹಳೆಯ ಇಂಟೆಲ್ ಪ್ರೊಸೆಸರ್ ಇದ್ದರೆ ಸಾಮಾನ್ಯವಾಗಿ ವಿಂಡೋಸ್ 11 ಅಧಿಕೃತವಾಗಿ ಕೂರುವುದಿಲ್ಲ. ಅಂಥವಕ್ಕೆ ಲಿನಕ್ಸ್ ಹಾಕಿ ಬಳಸಬಹುದು, ಆದರೆ ಅದನ್ನು ನೋಡಿಕೊಳ್ಳುವವರು ಶಾಲೆಯಲ್ಲೇ ಇರಬೇಕು. ಬ್ಯಾಟರಿ ವರದಿ ತೆಗೆಸಿ ನೋಡಿ. ಈಗಿನ ಸಾಮರ್ಥ್ಯ ಮೂಲ ಸಾಮರ್ಥ್ಯದ ಶೇ 70ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ.

ಕ್ರೋಮ್‌ಬುಕ್ ತರಗತಿಯಿಂದ ತರಗತಿಗೆ ಸುತ್ತುವ ಸಾಧನವಾಗಿ ಎಲ್ಲಕ್ಕಿಂತ ಸಲೀಸು. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರಗೊಳ್ಳುತ್ತದೆ, ಅತಿಥಿ ಲಾಗಿನ್‌ನಲ್ಲಿ ಬಳಸಿದರೆ ಹೊರಬಂದ ಕೂಡಲೇ ಹಿಂದಿನವರ ಗುರುತು ಅಳಿಸಿಹೋಗುತ್ತದೆ. ಇಂಟರ್ನೆಟ್ ನಿಂತಾಗ ಮಾತ್ರ ಮುಕ್ಕಾಲು ಕೆಲಸ ನಿಲ್ಲುತ್ತದೆ. ಕೊಳ್ಳುವ ಮುನ್ನ ಆ ಮಾದರಿಯ ಸ್ವಯಂ ಅಪ್‌ಡೇಟ್ ಕೊನೆಯಾಗುವ ದಿನಾಂಕ ನೋಡಿ. 2021ರಿಂದೀಚೆಗೆ ಬಿಡುಗಡೆಯಾದವಕ್ಕೆ 10 ವರ್ಷ ಅಪ್‌ಡೇಟ್ ಇದೆ, ಆದರೆ ಆ ಲೆಕ್ಕ ನೀವು ಕೊಂಡ ದಿನದಿಂದಲ್ಲ, ಆ ಮಾದರಿಯ ವೇದಿಕೆ (ಒಳಗಿನ ಮೂಲ ಯಂತ್ರಾಂಶ) ಹೊರಬಂದ ದಿನದಿಂದ. ರಿಯಾಯಿತಿಯಲ್ಲಿ ಬರುವ ಮಾದರಿಗೆ ಎರಡೋ ಮೂರೋ ವರ್ಷ ಆಗಲೇ ಕಳೆದಿರಬಹುದು.

ಐಪ್ಯಾಡ್‌ನ ಪೆನ್ನು, ಕ್ಯಾಮೆರಾ, ಆ್ಯಪ್‌ಗಳ ಗುಣಮಟ್ಟ ಚೆನ್ನಾಗಿವೆ, ಬಾಳಿಕೆಯೂ ದೀರ್ಘ. ತೊಂದರೆಯಿರುವುದು ಹಂಚಿ ಬಳಸುವುದರಲ್ಲಿ: ಅದು ಮೂಲತಃ ಒಬ್ಬರ ಸಾಧನ. ಬೇರೆ ಬೇರೆ ಮಕ್ಕಳ ಲಾಗಿನ್ ಬೇಕೆಂದರೆ ‘ಆ್ಯಪಲ್ ಸ್ಕೂಲ್ ಮ್ಯಾನೇಜರ್’ ಮತ್ತು ಸಾಧನ ನಿರ್ವಹಣಾ ತಂತ್ರಾಂಶ ಎರಡೂ ಬೇಕು. ಅದಿಲ್ಲದೆ ಕೊಟ್ಟರೆ ಬೆಳಗಿನ ತರಗತಿಯ ಫೋಟೊಗಳು ಮಧ್ಯಾಹ್ನದ ತರಗತಿಯ ಕೈಯಲ್ಲಿರುತ್ತವೆ.

ಆಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿ ಒಳ್ಳೆಯದು ಕೆಟ್ಟದು ಎರಡೂ ಒಂದೇ ಹೆಸರಿನಡಿ ಸಿಗುತ್ತವೆ. 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, 10 ಇಂಚು ಪರದೆ ಕನಿಷ್ಠ. ಅದಕ್ಕಿಂತ ಕಡಿಮೆಯಾದರೆ ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹೋಗಿ ಬರುವಷ್ಟರಲ್ಲಿ ಮೊದಲನೆಯದು ಮುಚ್ಚಿಕೊಂಡು, ಅರ್ಧ ಬರೆದ ಉತ್ತರ ಮಾಯವಾಗಿರುತ್ತದೆ. ಮಕ್ಕಳ ಮುಂದೆ ಇದಕ್ಕಿಂತ ಕೆಟ್ಟ ಅನುಭವ ಬೇರೆ ಇಲ್ಲ. ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಎಂಬುದನ್ನು ಲಿಖಿತವಾಗಿ ಕೇಳಿ.

ಮಡಚುವ ಲ್ಯಾಪ್‌ಟಾಪ್ ಶಿಕ್ಷಕರಿಗೆ ಸರಿ. ಮಕ್ಕಳಿಗೆ ಬೇಡ ಎಂದೇ ಹೇಳುತ್ತೇವೆ. ಟ್ಯಾಬ್ಲೆಟ್‌ನಂತೆ ಹಿಡಿಯಲು ಭಾರ, ದಿನಕ್ಕೆ ಇಪ್ಪತ್ತು ಸಲ ಮಡಚಿದರೆ ಮೊದಲು ಸಡಿಲವಾಗುವುದು ಕೀಲು.

ಪೆನ್ನಿನ ವಿಷಯದಲ್ಲಿ ರಬ್ಬರ್ ತುದಿಯ ಅಗ್ಗದ ಪೆನ್ನು ಸುತ್ತು ಹಾಕಲು, ಗೆರೆ ಎಳೆಯಲು ಸಾಕು. ಭಿನ್ನರಾಶಿ, ಘಾತ ಸೂಚ್ಯಂಕ, ಒತ್ತಕ್ಷರ ಬರೆಯಲು ಅದು ಬಾರದು, ಅಂಗೈ ತಗುಲಿದಲ್ಲೆಲ್ಲ ಗೀಚು ಮೂಡುತ್ತದೆ. ಬರವಣಿಗೆ ನಿಜವಾಗಿ ಬೇಕಿದ್ದರೆ ಆಯಾ ಸಾಧನಕ್ಕೆ ಹೊಂದುವ ಸಕ್ರಿಯ ಪೆನ್ನು ಬೇಕು, ಮತ್ತು ಕಳೆದುಹೋಗದಂತೆ ಕವಚಕ್ಕೆ ದಾರ ಕಟ್ಟಿರಬೇಕು.

ಕನ್ನಡ ಪಠ್ಯ

ನುಡಿ, ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿ ಮಾಡಿಟ್ಟ ಪ್ರಶ್ನೆಪತ್ರಿಕೆಗಳು ಟ್ಯಾಬ್ಲೆಟ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಪಾಠಕ್ಕೆ ಮುನ್ನ ಯೂನಿಕೋಡ್‌ಗೆ (ಎಲ್ಲ ಸಾಧನಗಳೂ ಓದುವ ಅಕ್ಷರ ಸಂಕೇತ) ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಾರೆ ತಿದ್ದಿ. ಬದಲಿಸಲು ಸಮಯವಿಲ್ಲದಿದ್ದರೆ ಫಾಂಟ್ ಸೇರಿಸಿದ ಪಿಡಿಎಫ್ ಮಾಡಿಕೊಳ್ಳಿ, ಓದುವುದಕ್ಕಾದರೂ ಆಗುತ್ತದೆ. ಟೈಪಿಸುವುದಕ್ಕೆ ಇಡೀ ಶಾಲೆಗೆ ಒಂದೇ ಕೀಲಿಮಣೆ ವಿನ್ಯಾಸ ಗೊತ್ತುಮಾಡಿ. ಒಂದು ಲ್ಯಾಪ್‌ಟಾಪ್‌ನಲ್ಲಿ ಇನ್‌ಸ್ಕ್ರಿಪ್ಟ್, ಇನ್ನೊಂದರಲ್ಲಿ ಧ್ವನ್ಯಾತ್ಮಕ ಎಂದಾದರೆ ಮಕ್ಕಳ ಬೆರಳಿಗೆ ಯಾವುದೂ ಕೂರುವುದಿಲ್ಲ.

ವೈ-ಫೈ ಮತ್ತು ವಿದ್ಯುತ್: ಯೋಜನೆಗಳು ಬೀಳುವ ಜಾಗ

ಸಾಧನದ ಆಯ್ಕೆಗಿಂತ ಹೆಚ್ಚು ಪಾಠಗಳನ್ನು ಕೆಡಿಸುವುದು ಇವೆರಡು. ಮೂವತ್ತು ಪರದೆಗಳಲ್ಲಿ ಒಟ್ಟಿಗೆ 720ಪಿ ವಿಡಿಯೊ ಓಡಿದರೆ, ಒಂದಕ್ಕೆ 2.5 ಎಂಬಿಪಿಎಸ್‌ನಂತೆ 75 ಎಂಬಿಪಿಎಸ್ ಬೇಕು. ಆದ್ದರಿಂದ ವಿಡಿಯೊ ಪ್ರೊಜೆಕ್ಟರ್‌ನಲ್ಲಿ ಒಮ್ಮೆ ಓಡಲಿ, ಮಕ್ಕಳ ಸಾಧನಗಳು ಉತ್ತರಕ್ಕೆ, ಪ್ರಯೋಗಕ್ಕೆ ಇರಲಿ. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯನ್ನೇ ಬಳಸಿ, 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ, ಪಕ್ಕದ ಕೋಣೆಗಳ ರೂಟರ್‌ಗಳೂ ಅಲ್ಲೇ ಗುದ್ದಾಡುತ್ತಿರುತ್ತವೆ. ಮನೆಬಳಕೆಯ ರೂಟರ್ ಹತ್ತು ಹದಿನೈದು ಸಾಧನ ತಾಳುತ್ತದೆ. ಮೂವತ್ತಕ್ಕೆ ಸಂಸ್ಥೆಗಳ ಬಳಕೆಯ ಆ್ಯಕ್ಸೆಸ್ ಪಾಯಿಂಟ್ (ವೈ-ಫೈ ಹರಡುವ ಪೆಟ್ಟಿಗೆ) ಬೇಕು.

ಅಪ್‌ಡೇಟ್ ಇನ್ನೊಂದು ಉರುಳು. ಒಂದೊಂದು 500 ಎಂಬಿ ಇಳಿಸಿಕೊಂಡರೆ ಮೂವತ್ತಕ್ಕೆ 15 ಜಿಬಿ; 50 ಎಂಬಿಪಿಎಸ್ ಸಂಪರ್ಕದಲ್ಲಿ 40 ನಿಮಿಷ, ಅಂದರೆ ಒಂದು ಪೂರ್ತಿ ಅವಧಿ. ಶಾಲೆ ಬಿಟ್ಟ ಮೇಲೆ ಆಗುವಂತೆ ಹೊಂದಿಸಿ.

ಇಂಟರ್ನೆಟ್ ಭರವಸೆಯಿಲ್ಲದಲ್ಲಿ ರಾಸ್‌ಬೆರಿ ಪೈನಂಥ ಪುಟ್ಟ ಕಂಪ್ಯೂಟರ್‌ನಲ್ಲಿ ‘ಕೊಲಿಬ್ರಿ’ ಅಥವಾ ‘ಕಿವಿಕ್ಸ್’ ಎಂಬ ಉಚಿತ ತಂತ್ರಾಂಶ ಹಾಕಿಟ್ಟರೆ ಪಾಠ, ಅಭ್ಯಾಸ, ವಿಕಿಪೀಡಿಯ ಎಲ್ಲವೂ ಒಳಗಿನ ವೈ-ಫೈಯಲ್ಲೇ ಸಿಗುತ್ತವೆ. ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’ ಎಂಬ, ಪರದೆಯ ಮೇಲೇ ಮಾಡುವ ವಿಜ್ಞಾನ ಪ್ರಯೋಗಗಳ ಎಚ್‌ಟಿಎಂಎಲ್ ಕಡತಗಳನ್ನೂ ಇಳಿಸಿಟ್ಟುಕೊಳ್ಳಬಹುದು. ಅದೇ ತಾಣದ ಹಳೆಯ ಜಾವಾ ಪ್ರಯೋಗಗಳು ಟ್ಯಾಬ್ಲೆಟ್‌ನಲ್ಲಿ ಓಡವು.

ಚಾರ್ಜಿಂಗ್‌ನ ಲೆಕ್ಕ ಸರಳ. 20 ವ್ಯಾಟ್‌ನ 30 ಟ್ಯಾಬ್ಲೆಟ್‌ಗೆ 600 ವ್ಯಾಟ್. 45 ವ್ಯಾಟ್‌ನ ಕ್ರೋಮ್‌ಬುಕ್‌ಗಳಾದರೆ 1350. 65 ವ್ಯಾಟ್‌ನ ಲ್ಯಾಪ್‌ಟಾಪ್‌ಗಳಾದರೆ 1950 ವ್ಯಾಟ್, ಅಂದರೆ 230 ವೋಲ್ಟ್‌ನಲ್ಲಿ ಸುಮಾರು 8.5 ಆಂಪಿಯರ್. 6 ಆಂಪಿಯರ್‌ನ ಎಕ್ಸ್‌ಟೆನ್ಶನ್ ಬೋರ್ಡ್ ತಾಳುವುದು 1380 ವ್ಯಾಟ್ ಮಾತ್ರ. ಮೀರಿದರೆ ಪ್ಲಗ್ ಬಿಸಿಯಾಗಿ ಕರಗಬಹುದು. 16 ಆಂಪಿಯರ್ ಸಾಕೆಟ್‌ನಿಂದ ಎಳೆಯಿರಿ, ಇಲ್ಲವೇ ಹತ್ತು ಹತ್ತರಂತೆ ಸರದಿಯಲ್ಲಿ ಚಾರ್ಜ್ ಮಾಡುವ ಪೆಟ್ಟಿಗೆ ಕೊಳ್ಳಿ. ‘10 ಪೋರ್ಟ್, 60 ವ್ಯಾಟ್’ ಎಂಬ ಚಾರ್ಜರ್‌ನಲ್ಲಿ ಎಲ್ಲ ತುಂಬಿದಾಗ ಒಂದಕ್ಕೆ ಸಿಗುವುದು 6 ವ್ಯಾಟ್. 30 ವ್ಯಾಟ್-ಅವರ್ ಬ್ಯಾಟರಿಯ ಟ್ಯಾಬ್ಲೆಟ್ ತುಂಬಲು ಐದು ಗಂಟೆಗೂ ಮೀರಿ ಬೇಕು. ರಾತ್ರಿಯಿಡೀ ಇಡುವುದಾದರೆ ಪರವಾಗಿಲ್ಲ, ಊಟದ ವಿರಾಮದಲ್ಲಿ ಆಗದ ಮಾತು.

ದೀರ್ಘ ರಜೆಗೆ ಮುನ್ನ ಬ್ಯಾಟರಿಯನ್ನು ಶೇ 50ರ ಹತ್ತಿರ ಇಟ್ಟು ಆರಿಸಿಡಿ. ಖಾಲಿ ಇಟ್ಟರೆ ಮತ್ತೆ ಏಳದೆ ಹೋಗಬಹುದು. ಪರದೆ ಅಂಚಿನಲ್ಲಿ ಎದ್ದಂತೆ ಕಂಡರೆ ಬ್ಯಾಟರಿ ಉಬ್ಬಿದೆ ಎಂದರ್ಥ. ಚಾರ್ಜ್ ಮಾಡದೆ, ಒತ್ತದೆ ಬೇರೆಯಿಡಿ.

ಆರ್ಡರ್ ಕೊಡುವ ಮುನ್ನ ಒಂದು ಪರೀಕ್ಷೆ

ಆಯ್ದ ಮಾದರಿಯ ಎರಡು ಸಾಧನಗಳನ್ನು ಎರಡು ವಾರಕ್ಕೆ ತರಿಸಿಕೊಂಡು, ಗಡಿಯಾರ ಹಿಡಿದು ನೋಡಿ: ಸಾಧನ ಕೈಗೆ ಬಂದ ಕ್ಷಣದಿಂದ ವಿದ್ಯಾರ್ಥಿಯ ಮೊದಲ ಉತ್ತರ ಶಿಕ್ಷಕರ ಪರದೆಗೆ ಬರುವವರೆಗೆ ಎಷ್ಟು ಹೊತ್ತು? ಮೂರು ನಿಮಿಷದೊಳಗೆ ಇದ್ದರೆ ಒಳ್ಳೆಯದು. ಐದು ದಾಟಿದರೆ ತಪ್ಪು ಬಹುತೇಕ ಲಾಗಿನ್‌ನಲ್ಲಿದೆ. ಉದ್ದದ ಪಾಸ್‌ವರ್ಡ್ ಬದಲು ಕ್ಯೂಆರ್ ಕೋಡ್ ಅಥವಾ ಅತಿಥಿ ಲಾಗಿನ್ ಇಡಿ, ಪಾಠದ ಪುಟವನ್ನು ಮುಖಪರದೆಯಲ್ಲೇ ಗುರುತುಹಾಕಿ. ಐಪ್ಯಾಡ್‌ನಲ್ಲಿ ‘ಗೈಡೆಡ್ ಆ್ಯಕ್ಸೆಸ್’, ಆಂಡ್ರಾಯ್ಡ್‌ನಲ್ಲಿ ‘ಆ್ಯಪ್ ಪಿನ್ನಿಂಗ್’ ಹಾಕಿದರೆ ಬೇರೆಡೆ ಜಾರುವುದು ತಪ್ಪುತ್ತದೆ. ಅದೇ ಎರಡು ವಾರದಲ್ಲಿ ಒಮ್ಮೆ ಬೇಕೆಂದೇ ಇಂಟರ್ನೆಟ್ ತೆಗೆದು ಪಾಠ ಮಾಡಿ, ಒಮ್ಮೆ ಕಿಟಕಿಯ ಪಕ್ಕದ ಬೆಂಚಿನಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಪರದೆ ಓದಲಾಗುತ್ತದೆಯೇ ನೋಡಿ, ಹೆಡ್‌ಫೋನ್‌ಗೆ 3.5 ಮಿಲಿಮೀಟರ್ ರಂಧ್ರ ಇದೆಯೇ ಪರೀಕ್ಷಿಸಿ. ಚಾರ್ಜಿಂಗ್ ತಂತಿಯನ್ನು ಸಿಕ್ಕಿಸಿದ ಮೇಲೆ ಅಲುಗಾಡುತ್ತಿದ್ದರೆ ಆ ಮಾದರಿಯನ್ನು ಹಿಂದಿರುಗಿಸಿ. ಶಾಲೆಯ ಬಳಕೆಯಲ್ಲಿ ಪರದೆಯಷ್ಟೇ ಬೇಗ ಕೆಡುವ ಭಾಗ ಚಾರ್ಜಿಂಗ್ ರಂಧ್ರವೇ.